ಅಧ್ಯಕ್ಷರ ಪರವಾಗಿ

ನವೆಂಬರ್ 19, 2024, ಮಂಗಳವಾರ

ಇವತ್ತು ಶಿಕಾರಿಪುರದಲ್ಲಿ ನನ್ನ ಮಾನ ಹೋಯಿತು. ಯಾರ ಹತ್ತಿರವೂ ಹೇಳಿಕೊಳ್ಳುವಂತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಎರಡು ತಾಲೂಕಿನ ಮಹಿಳಾ ಅಧ್ಯಕ್ಷರಿಗೆ ಅಲ್ಲಿ ಒಂದು ದಿನದ ತರಬೇತಿ ಇತ್ತು. ನನ್ನ ಹೆಂಡತಿ ಯಮುನಾ ನಮ್ಮ ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯಾಗಿ ವರ್ಷ ದಾಟಿತು. ಸೀಟು ಮಹಿಳೆಗೆ ಮೀಸಲಾದಾಗ ಅವಳನ್ನು ನಿಲ್ಲಿಸಿದ್ದು ನಾನು, ಗೆಲ್ಲಿಸಿದ್ದು ನಾನು. ಅಂದಿನಿಂದ ಕಡತ ನೋಡುವುದು, ಅರ್ಜಿ ಓದುವುದು, ಭಾಷಣ ಮಾಡುವುದು ಎಲ್ಲ ನಾನೇ. ಅವಳು ಸಹಿ ಹಾಕುತ್ತಾಳೆ. ಆ ಸಹಿಯನ್ನೂ ಚುನಾವಣೆಗೆ ಮೊದಲು ಹದಿನೈದು ದಿನ ಕೂರಿಸಿ ನಾನೇ ಕಲಿಸಿದೆ, ರಂಗೋಲಿಯ ಎಳೆ ಕಲಿಸಿದ ಹಾಗೆ. ನೋಡಿದವರು ಕಾಲೇಜು ಓದಿದವಳ ಸಹಿ ಎನ್ನಬೇಕು, ಅಷ್ಟು ಚೆನ್ನಾಗಿದೆ.

ಹೋದ ಕೂಡಲೇ ತರಬೇತಿ ಕೊಡುವ ಮೇಡಂ, "ಯಜಮಾನ್ರೆಲ್ಲ ದಯವಿಟ್ಟು ಹೊರಗಿರಿ" ಎಂದರು. ನಾವು ಒಂಬತ್ತು ಜನ ಗಂಡಂದಿರು ಬಸ್ಸಿನಿಂದ ಇಳಿಸಿಬಿಟ್ಟವರ ಹಾಗೆ ವರಾಂಡದಲ್ಲಿ ನಿಂತೆವು. ನಾನು ಕಿಟಕಿಯ ಜಾಗ ಹಿಡಿದೆ. ಒಳಗೆ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಕೊಟ್ಟು ಮೈಕಿನಲ್ಲಿ ಓದಿಸುತ್ತಿದ್ದರು. ಯಮುನಾಳ ಸರದಿ ಬಂತು. ಇಂಥ ಹೊತ್ತಿಗೆ ಏನು ಹೇಳಬೇಕೆಂದು ಅವಳಿಗೆ ನಾನು ಎಂದೋ ಹೇಳಿಕೊಟ್ಟಿದ್ದೇನೆ. ಹೇಳಿದಳು ಕೂಡ: "ಕನ್ನಡಕ ಬಿಟ್ಟು ಬಂದೀನ್ರೀ."

ಮೇಡಂ ಒಳ್ಳೆಯವರು. ತಮ್ಮ ಕನ್ನಡಕವನ್ನೇ ತೆಗೆದು ಕೊಟ್ಟರು. "ನನ್ನದು ಹಾಕ್ಕೊಳ್ಳಿ ಅಮ್ಮ, ಇದೂ ಓದೋದಕ್ಕೇ ಇರೋದು."

ಯಮುನಾ ಹಾಕಿಕೊಂಡಳು. ಹಾಳೆ ನೋಡಿದಳು, ಕಿಟಕಿಯ ಕಡೆಗೂ ಒಮ್ಮೆ ನೋಡಿದಳು. ಆಮೇಲೆ ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ವಾಪಸು ಕೊಟ್ಟು, ಮೈಕಿನಲ್ಲೇ ಅಂದುಬಿಟ್ಟಳು: "ನಂಗೆ ಓದಾಕೆ ಬರಲ್ಲ ರೀ. ಕಣ್ಣು ಚೆನ್ನಾಗೇ ಐತೆ."

ನನ್ನ ಪಕ್ಕದಲ್ಲಿ ನಿಂತಿದ್ದವನು, "ಯಾರ ಮನೆಯವ್ರು ಅದು?" ಎಂದು ಕೇಳಿದ. ಗೊತ್ತಿಲ್ಲ ಅಂದೆ.

ಸೊರಬದವರೆಗೂ ಬಸ್ಸಿನಲ್ಲಿ ಅವಳಿಂದ ಎರಡು ಸೀಟು ಹಿಂದೆ ಕೂತೆ. ಇಳಿದ ಮೇಲೆ ಕೇಳಿದೆ, "ಯಾಕೆ ಹಾಗೆ ಹೇಳ್ದೆ?"

"ನೀವು ಹೇಳ್ಕೊಟ್ಟ ಸುಳ್ಳು ಮುಗೀತಲ್ರೀ," ಎಂದಳು. "ಇನ್ನೊಂದು ಕೊಟ್ಟಿರ್ಲಿಲ್ಲ."

ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದನ್ನು ಒಂದೇ ಮಾತಿನಲ್ಲಿ ಚೆಲ್ಲಿದಳು. ಅವಳಿಗೆ ನಾಚಿಕೆಯಾದಂತೆ ಕಾಣಲಿಲ್ಲ. ಅದನ್ನೂ ನಾನೇ ಪಡಬೇಕು.

ನವೆಂಬರ್ 20, ಬುಧವಾರ

ಸುದ್ದಿ ನಮಗಿಂತ ಮುಂಚಿನ ಬಸ್ಸಿಗೇ ಊರು ಮುಟ್ಟಿತ್ತು. ಉಪಾಧ್ಯಕ್ಷ ಮಾಳೇಶ, ನಮ್ಮ ಎದುರು ಪಾರ್ಟಿಯವನು, ಹೋಟೆಲಿನಲ್ಲಿ ಎಲ್ಲರೂ ಇರುವಾಗಲೇ, "ಏನ್ ಮೇಷ್ಟ್ರೇ, ಶಿಕಾರಿಪುರದಲ್ಲಿ ಕನ್ನಡಕದ ಅಂಗಡಿ ಇರ್ಲಿಲ್ವಾ?" ಅಂದ. ಚಹಾ ಅರ್ಧಕ್ಕೇ ಬಿಟ್ಟು ಬಂದೆ.

ಮೇಷ್ಟ್ರು ಎಂದರೆ ನಾನು ಶಾಲೆಯಲ್ಲಿ ಕೆಲಸ ಮಾಡಿದವನಲ್ಲ. ಪಿಯುಸಿ ಮುಗಿಸಿ ಗದ್ದೆಗೆ ಇಳಿದವನು. ತೊಂಬತ್ಮೂರರಲ್ಲಿ ಸಾಕ್ಷರತಾ ಆಂದೋಲನ ಬಂದಾಗ ಸ್ವಯಂಸೇವಕನಾಗಿ ಊರಿನ ಇಪ್ಪತ್ತೆರಡು ಹೆಂಗಸರಿಗೆ ಓದು ಬರಹ ಕಲಿಸಿದೆ. ನಮ್ಮೂರು ಸಂಪೂರ್ಣ ಸಾಕ್ಷರ ಗ್ರಾಮ ಎನಿಸಿಕೊಂಡಿತು. ಅಂದಿನಿಂದ ಊರೆಲ್ಲ ನನ್ನನ್ನು ಮೇಷ್ಟ್ರೇ ಎನ್ನುತ್ತದೆ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ್ದೇನೆ. ಇಂಥವನ ಹೆಂಡತಿ ಹೆಬ್ಬೆಟ್ಟು ಎಂದಾದ ಮೇಲೆ ನಾನು ಯಾವ ಮುಖ ಹೊತ್ತು ತಿರುಗಲಿ?

ನವೆಂಬರ್ 27, ಬುಧವಾರ

ಪಿಡಿಒ ಶಿವಯೋಗಿಯವರು ಕರೆಸಿದರು. ಕೂರಿಸಿ, ನೀರು ಕೊಟ್ಟು, ಆಮೇಲೆ ಬಾಯಿಬಿಟ್ಟರು. "ಇನ್ಮೇಲೆ ಸಭೆಗಳಲ್ಲಿ ನೀವು ಕೂರೋ ಹಾಗಿಲ್ಲ ಸಾರ್. ಮೇಲಿಂದ ಕಟ್ಟುನಿಟ್ಟಾಗಿ ಹೇಳಿದಾರೆ. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಜನವರಿ ಹತ್ತಕ್ಕೆ ಮಕ್ಕಳ ಗ್ರಾಮಸಭೆ. ಶಾಲೆಯ ಮಕ್ಕಳು ತಮಗೆ ಏನು ಬೇಕೆಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಅಧ್ಯಕ್ಷರು ಒಂದೊಂದೇ ತೆಗೆದು ಎಲ್ಲರೆದುರು ಓದಿ ಉತ್ತರ ಕೊಡಬೇಕು. ಹೋದ ವರ್ಷ ಅಧ್ಯಕ್ಷರ ಪರವಾಗಿ ನಾನು ಓದಿದ್ದೆ. "ಈ ಸಲ ಅವರೇ ಓದ್ಬೇಕು," ಎಂದರು ಶಿವಯೋಗಿ. "ಅವರಿಗೆ ಆಗ್ದಿದ್ರೆ ನಿಯಮದ ಪ್ರಕಾರ ಉಪಾಧ್ಯಕ್ಷರು."

ಎಂದರೆ ಮಾಳೇಶ. ಇಡೀ ಊರಿನೆದುರು ನನ್ನ ಹೆಂಡತಿಯ ಕೈಯಿಂದ ಚೀಟಿ ತೆಗೆದುಕೊಂಡು ಮಾಳೇಶ ಓದುವುದನ್ನು ನಾನು ನೋಡಬೇಕು.

ಮನೆಗೆ ಬಂದು ಹೇಳಿದೆ. ಯಮುನಾ ಹಸುವಿಗೆ ಹುಲ್ಲು ಹಾಕುತ್ತಿದ್ದವಳು, "ಆರು ವಾರ ಐತಲ್ಲ. ಕಲಿತೀನಿ," ಎಂದಳು. ನನಗೆ ನಗು ಬಂತು. ಅವಳು ನಗಲಿಲ್ಲ.

ಸರಿ, ಕಲಿಸುತ್ತೇನೆ. ಇಪ್ಪತ್ತೆರಡು ಜನಕ್ಕೆ ಕಲಿಸಿದವನಿಗೆ ಇನ್ನೊಬ್ಬಳು ಹೆಚ್ಚಲ್ಲ.

ಡಿಸೆಂಬರ್ 4, ಬುಧವಾರ

ಆಗುತ್ತಿಲ್ಲ. ಅವಳು ಒಂದು ಅಕ್ಷರಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನು ಇಡೀ ಪದ ಹೇಳಿಬಿಟ್ಟಿರುತ್ತೇನೆ. ಬೇಕೆಂದು ಮಾಡುವುದಲ್ಲ, ಕಾಯುವುದು ನನ್ನಿಂದ ಆಗುವುದಿಲ್ಲ. ಬರೆಯಲು ಕೊಟ್ಟರೆ ಅವಳ ಕೈಯಿಂದ ಪೆನ್ಸಿಲು ಕಸಿದು ಸೊಟ್ಟಗಾದದ್ದನ್ನು ನಾನೇ ನೇರ ಮಾಡುತ್ತೇನೆ. ಪುಸ್ತಕದ ತುಂಬ ನನ್ನ ಅಕ್ಷರವೇ ಚೆಂದವಾಗಿ ಕಾಣುತ್ತಿದೆ.

ನಿನ್ನೆ ತಾಳ್ಮೆ ಕೆಟ್ಟು, "ಒಂದನೇ ಕ್ಲಾಸಿನ ಮಕ್ಕಳೂ ಓದ್ತಾವಲ್ಲ ಇದನ್ನ," ಎಂದು ಕೂಗಿದೆ. ಕೊಯ್ಲಿಗೆ ಬಂದ ಹೆಂಗಸರು ಅಂಗಳದಲ್ಲೇ ಇದ್ದರು. ಯಮುನಾ ಪುಸ್ತಕ ಮುಚ್ಚಿದಳು.

"ಓದೋರೂ ನೀವೇ, ಬೈಯೋರೂ ನೀವೇ. ನಡುವೆ ನಾ ಯಾಕೆ ಕೂತಿರ್ಬೇಕು?"

ಬೇರೆ ದಾರಿ ಹುಡುಕಿದ್ದೇನೆ. "ನಿಮ್ಮ ಬೇಡಿಕೆಯನ್ನು ಸಭೆಯ ಗಮನಕ್ಕೆ ತಂದು ಪರಿಶೀಲಿಸಲಾಗುವುದು." ಇದೊಂದನ್ನು ಬಾಯಿಪಾಠ ಮಾಡಿಕೊಂಡರೆ ಯಾವ ಚೀಟಿಗೂ ಉತ್ತರವಾಗುತ್ತದೆ. ಚೀಟಿಯಲ್ಲಿ ಇರುವುದನ್ನು ಪಕ್ಕದಲ್ಲಿ ಕೂತ ಯಾರಾದರೂ ಕಿವಿಯಲ್ಲಿ ಹೇಳಿದರಾಯಿತು. ಇದನ್ನು ಹೇಳಿದಾಗ ಯಮುನಾ ಎದ್ದು ಒಳಗೆ ಹೋದಳು.

ಡಿಸೆಂಬರ್ 9, ಸೋಮವಾರ

ನಾಲ್ಕು ದಿನದಿಂದ ಊಟವಾದ ಮೇಲೆ ಯಮುನಾ ಎರಡು ಗಂಟೆ ಮನೆಯಲ್ಲಿ ಇರುತ್ತಿರಲಿಲ್ಲ. ಕೇಳಿದರೆ ಪಂಚಾಯಿತಿಗೆ ಎನ್ನುತ್ತಿದ್ದಳು. ನಾನಿಲ್ಲದೆ ಅಲ್ಲಿ ಇವಳಿಗೇನು ಕೆಲಸ ಎಂದು ಇವತ್ತು ಹಿಂದೆಯೇ ಹೋದೆ. ಪಂಚಾಯಿತಿ ಪಕ್ಕದ ಗ್ರಂಥಾಲಯದಲ್ಲಿ ಕೂತಿದ್ದಳು. ಮೇಲ್ವಿಚಾರಕಿ ಗಂಗಾಶ್ರೀ, ಡಿಗ್ರಿ ಮುಗಿಸಿದ ಹುಡುಗಿ, ತನ್ನ ಪಾಡಿಗೆ ಪುಸ್ತಕಗಳಿಗೆ ನಂಬರು ಹಾಕುತ್ತಿದ್ದಳು. ಪಾಠ ಹೇಳುತ್ತಿದ್ದದ್ದು ಹುಚ್ಚಮ್ಮ.

ಹುಚ್ಚಮ್ಮನಿಗೆ ಈಗ ಎಪ್ಪತ್ತೆಂಟು. ನನ್ನ ಇಪ್ಪತ್ತೆರಡು ಜನರಲ್ಲಿ ಒಬ್ಬಳು. ಅಂದು ಬಳಪ ಹಿಡಿಯಲು ಬಾರದೆ ಅತ್ತವಳು ಇವತ್ತು ದಿನಾ ಗ್ರಂಥಾಲಯಕ್ಕೆ ಬಂದು ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿಯವರೆಗೆ ಬಿಡದೆ ಓದುತ್ತಾಳೆ. ಅವಳ ಪಾಠವೆಂದರೆ ಇಷ್ಟೇ. ಪೇಪರಿನ ದಪ್ಪ ಅಕ್ಷರದ ಮೇಲೆ ಯಮುನಾ ಬೆರಳಿಟ್ಟು ಗುದ್ದಾಡುತ್ತಾಳೆ, ಹುಚ್ಚಮ್ಮ ಎಲೆಅಡಿಕೆ ಅಗಿಯುತ್ತ ಸುಮ್ಮನಿರುತ್ತಾಳೆ. ತಪ್ಪಾದರೆ, "ಮತ್ತೊಂದ್ಸಲ ನೋಡು ತಂಗಿ, ಅದೆಲ್ಲೂ ಓಡಿ ಹೋಗಲ್ಲ," ಎನ್ನುತ್ತಾಳೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಯಮುನಾ ಒಂದು ಇಡೀ ಸಾಲು ದಾಟಿದಳು. ಅಡಿಕೆ ಧಾರಣೆಯ ಸುದ್ದಿ.

ನನ್ನನ್ನು ಕಂಡು ಹುಚ್ಚಮ್ಮ ಎದ್ದು ನಿಂತಳು. "ಬನ್ನಿ ಮೇಷ್ಟ್ರೇ. ನೀವು ಕಲ್ಸಿದ್ದನ್ನೇ ನಿಮ್ಮನೆಯವ್ರಿಗೆ ದಾಟಿಸ್ತಾ ಇದೀನಿ."

"ಇವಳಿಗೆ ಬರಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದೆ.

"ಅಯ್ಯೋ ಮಾರಾಯ್ರೇ, ಇವರು ಮದುವೆಯಾಗಿ ಬಂದಾಗಿಂದ ಊರಿಗೆಲ್ಲ ಗೊತ್ತು. ಬಸ್ಸಿನ ಬೋರ್ಡು ನಮ್ಮನ್ನೇ ಕೇಳ್ತಿದ್ರಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಯಾರೂ ಬಾಯಿ ಬಿಡ್ಲಿಲ್ಲ, ಅಷ್ಟೇ." ಆಮೇಲೆ ಮುಗ್ಧವಾಗಿ ಕೇಳಿದಳು, "ಆಗ ನಮ್ ಜೊತೆಗೇ ಇವರನ್ನೂ ಯಾಕೆ ಕೂರಿಸ್ಲಿಲ್ಲ ಮೇಷ್ಟ್ರೇ? ಆವತ್ತೇ ಆಗೋಗ್ತಿತ್ತು."

ಆಗ ಮನೆಯಲ್ಲಿ ಕೆಲಸ ಜಾಸ್ತಿ ಇತ್ತು ಎಂದೆ. ಯಮುನಾ ಪೇಪರಿನಿಂದ ತಲೆ ಎತ್ತಲಿಲ್ಲ.

ಅದು ಸುಳ್ಳು. ಇಲ್ಲಿಯಾದರೂ ನಿಜ ಬರೆಯಬೇಕು. ತರಗತಿ ಶುರುವಾಗುವ ಮೊದಲು ಊರಿನ ಮನೆಮನೆ ಸಮೀಕ್ಷೆ ಮಾಡಿದವನು ನಾನೇ. ಅನಕ್ಷರಸ್ಥರದು ಒಂದು ಪಟ್ಟಿ, ಸಾಕ್ಷರರದು ಇನ್ನೊಂದು. ನಮ್ಮ ಮನೆಯ ಸರದಿ ಬಂದಾಗ ಯಮುನಾಳ ಹೆಸರನ್ನು ಸಾಕ್ಷರರ ಪಟ್ಟಿಯಲ್ಲಿ ಬರೆದೆ. ಆಗ ಅವಳಿಗೆ ಹದಿನೆಂಟು. ಊರಿಗೆ ಕಲಿಸಲು ಹೊರಟವನ ಹೆಂಡತಿಯೇ ಸ್ಲೇಟು ಹಿಡಿದು ಮುಂದಿನ ಸಾಲಿನಲ್ಲಿ ಕೂರುವುದು ನನಗೆ ಬೇಡವಾಗಿತ್ತು. ಆ ಪಟ್ಟಿಯಲ್ಲಿ ಇದ್ದವರಿಗೆ ಸ್ಲೇಟೂ ಇಲ್ಲ, ಪುಸ್ತಕವೂ ಇಲ್ಲ. ಆಮೇಲೆ ಮನೆಯಲ್ಲೇ ಕಲಿಸೋಣ ಎಂದುಕೊಂಡಿದ್ದೆ. ಆ ಆಮೇಲೆ ಬರಲೇ ಇಲ್ಲ.

ಡಿಸೆಂಬರ್ 10, ಮಂಗಳವಾರ

ನಿನ್ನೆ ಬರೆದ ಹಾಳೆಯನ್ನು ಹರಿಯೋಣ ಎಂದು ತೆಗೆದೆ. ಹರಿದರೆ ಅದರ ಜೋಡಿ ಹಾಳೆಯೂ ಕಳಚಿ ಬರುತ್ತದೆ. ಬಿಟ್ಟೆ.

ಡಿಸೆಂಬರ್ 16, ಸೋಮವಾರ

ಒಂದು ಕೆಲಸ ಮಾಡಿದ್ದೇನೆ. ತಪ್ಪು ಎನ್ನಲಾರೆ.

ಈಗ ಗ್ರಂಥಾಲಯದಲ್ಲಿ ಹುಚ್ಚಮ್ಮನ ಜೊತೆ ಇನ್ನೂ ನಾಲ್ಕು ಹೆಂಗಸರು ಸೇರುತ್ತಾರೆ. ಅಧ್ಯಕ್ಷರು ಓದುವುದನ್ನು ನೋಡಲು ಬರುತ್ತಾರೆ. ಯಮುನಾ ದೊಡ್ಡ ದನಿಯಲ್ಲಿ ಕೂಡಿಸಿ ಕೂಡಿಸಿ ಓದುವುದು ರಸ್ತೆಗೆ ಕೇಳುತ್ತದೆ. ಮಾಳೇಶ ಬೈಕು ನಿಲ್ಲಿಸಿ ಕೇಳಿಸಿಕೊಂಡು ಹೋದನಂತೆ. ಸಭೆಗೆ ಇನ್ನು ಮೂರು ವಾರವಿದೆ. ಅಷ್ಟರಲ್ಲಿ ಇವಳು ಪೂರ್ತಿ ಕಲಿಯುವುದು ಆಗದ ಮಾತು, ಅರ್ಧ ಕಲಿತು ಎಲ್ಲರೆದುರು ತಡವರಿಸಿದರೆ ಏನೂ ಬಾರದಿದ್ದಕ್ಕಿಂತ ಹೆಚ್ಚು ಅವಮಾನ. ಹುಷಾರಿಲ್ಲ ಎಂದು ಆ ದಿನ ತವರಿಗೆ ಕಳಿಸಿ ಸಭೆ ಮುಂದೂಡಿಸುವುದು ವಾಸಿ.

ಗ್ರಂಥಾಲಯದ ಗೋಡೆಗಳಿಗೆ ಬಣ್ಣ ಆಗಬೇಕಿರುವುದು ನಿಜವೇ. "ಬಣ್ಣದ ಕೆಲಸದ ನಿಮಿತ್ತ ಜನವರಿ 15ರವರೆಗೆ ಗ್ರಂಥಾಲಯವನ್ನು ಮುಚ್ಚಲಾಗಿದೆ" ಎಂದು ನಾನೇ ಬರೆದು, ಸಹಿಗೆ ಇಡುವ ಕಾಗದಗಳ ನಡುವೆ ಸೇರಿಸಿದೆ. ಬೆಳಿಗ್ಗೆ ಯಮುನಾ ಎಂದಿನಂತೆ ಅಷ್ಟಕ್ಕೂ ಸಹಿ ಹಾಕಿ ಅಡುಗೆಮನೆಗೆ ಹೋದಳು.

ಡಿಸೆಂಬರ್ 18, ಬುಧವಾರ

ನಿನ್ನೆ ಏನೂ ಬರೆಯಲಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಗ್ರಂಥಾಲಯಕ್ಕೆ ಹೋದಾಗ ಬಾಗಿಲಿಗೆ ಬೀಗ, ಬೀಗದ ಮೇಲೆ ಕಾಗದ. ಗಂಗಾಶ್ರೀ ಅಲ್ಲೇ ಇದ್ದಳಂತೆ, ಹುಚ್ಚಮ್ಮನೂ ಇದ್ದಳಂತೆ. ಏನೆಂದು ಹೇಳಲು ಗಂಗಾಶ್ರೀ ಬಾಯಿ ತೆರೆದರೆ ಹುಚ್ಚಮ್ಮ ಕೈ ಹಿಡಿದು ತಡೆದಳಂತೆ. ಯಮುನಾ ಬಿಸಿಲಿನಲ್ಲಿ ನಿಂತು ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಇದೆಲ್ಲ ಗಂಗಾಶ್ರೀ ಹೇಳಿದ್ದು.

ಮನೆಗೆ ಬಂದವಳು ಜಗಳ ಆಡಲಿಲ್ಲ. ನನ್ನೆದುರು ಕೂತಳು. "ಬಾಗ್ಲ ಮೇಲಿಂದು ಓದಿದ್ನಿ ರೀ. ಒಬ್ಬಳೇ, ಪೂರ್ತಿ. ಕೆಳಗೆ ನನ್ನ ಸಹಿ ಇತ್ತು."

ನಾನು ಗೋಡೆ, ಬಣ್ಣ, ತೇವ ಎಂದೆಲ್ಲ ಶುರುಮಾಡಿದೆ.

"ನಾ ಜೀವನದಾಗೆ ಪೂರ್ತಿ ಓದಿದ ಮೊದಲನೇ ಕಾಗದ ಅದು," ಎಂದಳು. ಎದ್ದು ಹೋಗಿ ಹಸು ಕರೆದಳು.

ನನಗೆ ಎಲ್ಲಿಯಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕು ಅನಿಸಿತು. ವಿಚಿತ್ರವೆಂದರೆ ಅದಕ್ಕೂ ಮೊದಲು ಮನಸ್ಸಿಗೆ ಬಂದದ್ದು, ಒತ್ತಕ್ಷರಗಳನ್ನೂ ಓದಿದಳಲ್ಲ ಎಂಬ ಮಾತು. ಇವತ್ತು ನಾನೇ ಹೋಗಿ ಕಾಗದ ಕಿತ್ತು ಬೀಗ ತೆಗೆಸಿದೆ. ಗಂಗಾಶ್ರೀ ನನ್ನ ಮುಖ ನೋಡಲಿಲ್ಲ.

ಡಿಸೆಂಬರ್ 24, ಮಂಗಳವಾರ

ಸಹಿ ನಿಂತಿದೆ. ಓದದೆ ಯಾವುದಕ್ಕೂ ಹಾಕುವುದಿಲ್ಲವಂತೆ. ಒಂದೊಂದು ಕಾಗದಕ್ಕೆ ಮುಕ್ಕಾಲು ಗಂಟೆ. ಶಿವಯೋಗಿಯವರು ದಿನಕ್ಕೆ ಎರಡು ಸಲ ಬಂದು ಜಗಲಿಯಲ್ಲಿ ಕೂತು ಹೋಗುತ್ತಾರೆ. "ಅಧ್ಯಕ್ಷರು ಎಲ್ಲಿಗೆ ಬಂದ್ರು ಸಾರ್?" "ಎರಡನೇ ಪ್ಯಾರಾಕ್ಕೆ." ನಾವಿಬ್ಬರೂ ಹೆರಿಗೆ ಕೋಣೆಯ ಹೊರಗೆ ಕಾಯುವವರ ಹಾಗೆ ಇದ್ದೇವೆ.

ಇವತ್ತು ಸೊರಬಕ್ಕೆ ಇಬ್ಬರೂ ಹೋಗಿದ್ದೆವು. ದಾರಿಯುದ್ದಕ್ಕೂ ಬೈಕಿನ ಹಿಂದೆ ಕೂತು ಗೋಡೆಗಳನ್ನು ಓದಿದಳು. ಮಂಗನ ಕಾಯಿಲೆಯ ಸೂಚನೆ ಬರೆದಲ್ಲಿ ಬೈಕು ನಿಲ್ಲಿಸಿ ಎಂದಳು. ಸತ್ತ ಮಂಗ ಕಂಡರೆ ತಿಳಿಸಿ ಎಂಬಲ್ಲಿಗೆ ಬರುವಷ್ಟರಲ್ಲಿ ನನ್ನ ಹಿಂದೆ ಎರಡು ಟ್ರ್ಯಾಕ್ಟರು ಹಾರ್ನ್ ಹೊಡೆದವು. ಬಸ್ ಸ್ಟ್ಯಾಂಡಿನಲ್ಲಿ ಒಂದು ಬಸ್ಸಿನ ಬೋರ್ಡಿಗೆ ಕಣ್ಣು ನೆಟ್ಟು ತುಟಿ ಆಡಿಸುತ್ತಿದ್ದಳು. ನಾನು "ಜಡೆ" ಎಂದು ಊರಿನ ಹೆಸರು ಹೇಳಿಬಿಟ್ಟೆ.

"ನೀವು ಸುಮ್ನಿದ್ರೆ ಬರ್ತೈತೆ. ನೀವು ಬಾಯಿ ತೆಗದ್ರೆ ಹೋಗ್ತೈತೆ," ಎಂದಳು. "ಹೆದರಿಕಿಗಲ್ಲ ರೀ. ನೀವು ಹೇಳಿದ್ಮ್ಯಾಗೆ ನಾ ಯಾಕೆ ಹೇಳ್ಬೇಕು ಅನ್ನಿಸ್ತೈತೆ."

ಆಮೇಲಿನ ಮೂರು ಬಸ್ಸುಗಳಿಗೆ ನಾನು ಬಾಯಿ ತೆರೆಯಲಿಲ್ಲ. ಬಹಳ ಕಷ್ಟವಾಯಿತು. ಮೂರನೆಯದಂತೂ ಹೊರಟೇಹೋಯಿತು, ಅವಳು ಮುಗಿಸುವ ಮುಂಚೆ.

ಜನವರಿ 2, 2025, ಗುರುವಾರ

ಹೇಳಿದೆ. ಬೆಳಿಗ್ಗೆ ಕಣದಲ್ಲಿ ಇಬ್ಬರೇ ಭತ್ತ ತೂರುತ್ತಿದ್ದೆವು. ಪಟ್ಟಿಯ ವಿಷಯ, ಸಮೀಕ್ಷೆಯ ವಿಷಯ, ಎಲ್ಲ. ಮುಖ ನೋಡಿಕೊಂಡು ಹೇಳಲು ಆಗಲಿಲ್ಲ, ಭತ್ತ ನೋಡಿಕೊಂಡು ಹೇಳಿದೆ.

ಅವಳು ಮೊರ ಕೆಳಗಿಡಲಿಲ್ಲ. "ಗೊತ್ತು," ಎಂದಳು.

"ಯಾವಾಗಿಂದ?"

"ಎಲ್ಲಾರ್ಗೂ ಓದಾಕೆ ಬರ್ತೈತಾ ಅಂತ ಪರೀಕ್ಷೆ ಮಾಡಾಕೆ ಆಫೀಸರು ಬರ್ತಾರೆ ಅಂತ ಊರೆಲ್ಲ ಗುಲ್ಲಾಗಿತ್ತಲ್ಲ, ಆವತ್ತು ನನ್ನ ಶಿಕಾರಿಪುರಕ್ಕೆ ಕಳ್ಸಿದ್ರಿ. ಅವ್ವನ್ನ ನೋಡ್ಕಂಡು ಬಾ ಅಂತ. ನಾ ಕೇಳೇ ಇರ್ಲಿಲ್ಲ. ನೀವಾಗೇ ಹಸಿರು ಸೀರೆ ತಂದು, ಹೂವ ತಂದು, ಬಸ್ ಹತ್ತಿಸಿದ್ರಿ." ಸ್ವಲ್ಪ ಹೊತ್ತು ಮೊರ ಆಡಿಸಿದಳು. "ಎಷ್ಟು ಖುಷಿ ಆಗಿತ್ತು ನಂಗೆ. ನಮ್ಮ ಗಂಡ ನನ್ನ ಮ್ಯಾಲೆ ಎಷ್ಟು ಜೀವ ಇಟ್ಟಾರೆ ಅಂತ ಅವ್ವನ ಮುಂದೆ ಹೇಳ್ಕಂಡಿದ್ನಿ. ವಾಪಸ್ ಬಂದ ಮ್ಯಾಲೆ ಹುಚ್ಚಮ್ಮಕ್ಕ ಪರೀಕ್ಷೆ ಸುದ್ದಿ ಹೇಳಿದ್ಲು. ಲೆಕ್ಕ ಕೂಡಿಸಾಕೆ ನಂಗೆ ಅಕ್ಷರ ಬೇಕಾಗ್ಲಿಲ್ಲ."

ಆ ಸೀರೆ ನನಗೆ ನೆನಪೇ ಇರಲಿಲ್ಲ. ಸಭೆಯ ದಿನ ಅವಳನ್ನು ತವರಿಗೆ ಕಳಿಸಬೇಕೆಂದು ಹದಿನೈದು ದಿನದ ಹಿಂದೆ ಇದೇ ಡೈರಿಯಲ್ಲಿ ಬರೆದಿದ್ದೇನೆ.

ಇನ್ನೇನು ಬರೆಯಲಿ. ನಾಚಿಕೆಯಾಗುತ್ತಿದೆ.

ಜನವರಿ 10, ಶುಕ್ರವಾರ

ಸಭೆ ಶಾಲೆಯ ಹಾಲಿನಲ್ಲಿ. ಮಕ್ಕಳೇ ನೂರರ ಹತ್ತಿರ, ಹಿಂದೆ ಅಪ್ಪ ಅಮ್ಮಂದಿರು, ಗೋಡೆಗೆ ಒರಗಿ ಹುಚ್ಚಮ್ಮ. ನಾನು ಹೊರಗೆ ವರಾಂಡದಲ್ಲಿ ಕುಡಿಯುವ ನೀರಿನ ಡ್ರಮ್ಮಿನ ಪಕ್ಕ ನಿಂತೆ. ಸ್ಪೀಕರು ಇದ್ದುದರಿಂದ ಎಲ್ಲ ಕೇಳುತ್ತಿತ್ತು.

ಅಧ್ಯಕ್ಷರು ಮೊದಲ ಚೀಟಿ ತೆಗೆದರು. ಆಟದ ಮೈದಾನಕ್ಕೆ ಬೇಲಿ ಬೇಕೆಂಬುದು. ಇಷ್ಟನ್ನು ಓದಲು ಎರಡು ನಿಮಿಷವಾಯಿತು. ಮಕ್ಕಳಲ್ಲಿ ಕಿಸಕ್ಕೆಂದು ನಗು ಎದ್ದಿತು. ಮಾಳೇಶ ಕುರ್ಚಿ ಹಿಂದೆ ಸರಿಸಿ, "ನಾನು ಓದ್ಲಾ ಅಧ್ಯಕ್ಷರೇ?" ಎಂದು ಕೈ ಚಾಚಿದ.

"ಬ್ಯಾಡ್ರಿ ಮಾಳೇಶಣ್ಣ. ಕೂತ್ಕಳ್ರಿ." ಆಮೇಲೆ ಮಕ್ಕಳ ಕಡೆ ತಿರುಗಿದರು. "ನಾನೂ ನಿಮ್ಮಂಗೆ ಈಗ ಕಲೀತಿರೋಳು. ಹೊತ್ತಾಗ್ತೈತೆ. ತಪ್ಪಾದ್ರೆ ಹೇಳ್ರಪ್ಪ, ಆದ್ರೆ ನಾ ಹೇಳೋಕಿಂತ ಮುಂಚೆ ಹೇಳ್ಬ್ಯಾಡ್ರಿ."

ಅಲ್ಲಿಂದ ಯಾರೂ ನಗಲಿಲ್ಲ. ಎರಡನೇ ಚೀಟಿ, ಮೂರನೇ ಚೀಟಿ. ಒಂದು ಕಡೆ ತಪ್ಪು ಓದಿದಾಗ ಮುಂದಿನ ಸಾಲಿನ ಮಗುವೊಂದು, "ಮತ್ತೊಂದ್ಸಲ ನೋಡಿ," ಎಂದಿತು. ನೋಡಿದರು, ಸರಿಮಾಡಿಕೊಂಡರು. ನಾನು ಹೊರಗೆ ಡ್ರಮ್ಮಿನ ಅಂಚು ಹಿಡಿದುಕೊಂಡು ನಿಂತಿದ್ದೆ.

ಆರನೇ ಚೀಟಿ. ಅದನ್ನು ಬಾಯಿಬಿಟ್ಟು ಓದುವ ಮೊದಲು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡರೆಂದು ಕಾಣುತ್ತದೆ, ಬಹಳ ಹೊತ್ತು ಮಾತಿರಲಿಲ್ಲ. ಆಮೇಲೆ ಓದಿದರು: "ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಹೋದ ವರ್ಷವೂ ಬರೆದಿದ್ದೆವು."

"ಯಾರಮ್ಮ ಇದನ್ನ ಬರ್ದಿದ್ದು?"

ಏಳನೇ ಕ್ಲಾಸಿನ ನಯನ ಎದ್ದು ನಿಂತಳು. "ನಾನು. ಹೋದ ವರ್ಷಾನೂ ನಾನೇ ಹಾಕಿದ್ದೆ. ಆದ್ರೆ ಅದನ್ನ ಓದ್ಲೇ ಇಲ್ಲ."

"ಯಾಕೆ ಓದ್ಲಿಲ್ಲ?"

ಆ ಹುಡುಗಿ ವರಾಂಡದ ಕಡೆ ನೋಡಿದಳು.  ಅಧ್ಯಕ್ಷರೂ ವರಾಂಡದ ಕಡೆಯೇ ನೋಡುತ್ತಿದ್ದರು.

ಹೋದ ವರ್ಷ ಆ ಚೀಟಿ ನನ್ನ ಕೈಗೆ ಬಂದಿತ್ತು. ಬಿಡಿಸಿ ನೋಡಿದೆ. ಅಷ್ಟು ಗಂಡಸರ ಎದುರು ಹೆಣ್ಣುಮಕ್ಕಳ ಇಂಥ ವಿಷಯ ಮೈಕಿನಲ್ಲಿ ಓದಲು ನನಗೆ ಮುಜುಗರವಾಯಿತು. "ಶಾಲೆಗೆ ಮೂಲಸೌಕರ್ಯ ಬೇಕಂತೆ, ಪರಿಶೀಲಿಸೋಣ," ಎಂದು ಹೇಳಿ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಚಪ್ಪಾಳೆ ಹೊಡೆದರು. ಆ ಚೀಟಿ ಆಮೇಲೆ ಎಲ್ಲಿ ಹೋಯಿತೋ ತಿಳಿಯದು. ಮುಜುಗರ ನನ್ನದು, ಒಂದು ವರ್ಷ ಬಾಗಿಲು ಹಿಡಿದು ನಿಂತವರು ಆ ಮಕ್ಕಳು.

"ಇವತ್ತು ಸಂಜೆ ಒಳಗೆ ಚಿಲಕ ಬೀಳ್ತೈತೆ," ಎಂದರು ಅಧ್ಯಕ್ಷರು. ನಾನು ಬರೆದುಕೊಟ್ಟ ಪರಿಶೀಲಿಸಲಾಗುವುದು ಎಂಬ ವಾಕ್ಯವನ್ನು ಸಭೆ ಮುಗಿಯುವವರೆಗೂ ಒಂದು ಸಲವೂ ಹೇಳಲಿಲ್ಲ. ಸಭೆ ಮುಗಿಯುವಾಗ ಗಂಟೆ ಎರಡೂವರೆ, ಬಿಸಿಯೂಟ ಆರಿಹೋಗಿತ್ತು. ನಾನು ಯಾರಿಗೂ ಕಾಣದಂತೆ ಹಿಂದಿನ ಗೇಟಿನಿಂದ ಮನೆಗೆ ಬಂದೆ.

ಜನವರಿ 12, ಭಾನುವಾರ

ಚಿಲಕ ಅವತ್ತೇ ಬಿತ್ತು. ಬಡಗಿ ಶಾಂತವೀರಪ್ಪನನ್ನು ಕರೆದುಕೊಂಡು ಅಧ್ಯಕ್ಷರೇ ಹೋಗಿ ಹಾಕಿಸಿ, ಒಳಗೆ ಹೋಗಿ ಎಳೆದು ನೋಡಿ ಬಂದರು.

ನಾಳೆ ಸಭೆಯ ನಡಾವಳಿ ಪುಸ್ತಕಕ್ಕೆ ಏರಬೇಕು. ಅದರ ಕರಡು ಯಾವಾಗಲೂ ನಾನೇ ಬರೆದುಕೊಡುವುದು, ಶಿವಯೋಗಿಯವರು ಅದನ್ನು ಪುಸ್ತಕಕ್ಕೆ ಇಳಿಸುತ್ತಾರೆ. ಈ ಸಲ ಕೇಳುತ್ತಾರೋ ಇಲ್ಲವೋ ಎಂದುಕೊಂಡಿದ್ದೆ. ಬೆಳಿಗ್ಗೆ ಅಧ್ಯಕ್ಷರೇ ಹಾಳೆ ತಂದು ಮುಂದಿಟ್ಟು, "ನಿಮ್ಮ ಅಕ್ಷರ ಚೆಂದ. ನೀವೇ ಬರೀರಿ. ಓದಿ ಸಹಿ ಹಾಕ್ತೀನಿ," ಎಂದರು.

ಬರೆದೆ. ಆರನೇ ಅರ್ಜಿಯ ಬಳಿ ಹೀಗೆ ಬರೆದೆ: "ಕಳೆದ ಸಾಲಿನಲ್ಲಿ ಸದರಿ ಅರ್ಜಿಯು ಕಾರಣಾಂತರಗಳಿಂದ ಸಭೆಯ ಗಮನಕ್ಕೆ ಬಂದಿರಲಿಲ್ಲ." ಇಂಥದ್ದಕ್ಕೆಲ್ಲ ಹೀಗೆಯೇ ಬರೆಯುವುದು.

ಅವರು ಜಗಲಿಯಲ್ಲಿ ಕೂತು ಓದತೊಡಗಿದರು. ನಾನು ಎದುರಿಗೆ ಕೂತು ಕಾದೆ. ಆರನೆಯದಕ್ಕೆ ಬಂದು ನಿಂತರು.

"ಕಾರಣಾಂತರ ಅಂದ್ರೇನ್ರೀ?"

"ಏನೋ ಒಂದು ಕಾರಣದಿಂದ ಅಂತ."

"ಯಾವ ಕಾರಣ?"

ನಾನು ಪೆನ್ನಿನ ಮುಚ್ಚಳ ಹಾಕಿ ತೆಗೆದೆ.

"ಅದನ್ನೇ ಬರೀರಿ," ಎಂದು ಹಾಳೆ ನನ್ನ ಕಡೆ ತಳ್ಳಿದರು. ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಆ ಸಾಲು ಹೊಡೆದುಹಾಕಿ ಕೆಳಗೆ ಹೊಸದಾಗಿ ಬರೆದೆ. ಪೆನ್ನು ಎರಡು ಸಲ ನಿಂತಿತು. ಬರೆದು ಹಾಳೆ ಕೊಟ್ಟು, ಅವರ ಬೆರಳು ಒಂದೊಂದೇ ಅಕ್ಷರ ದಾಟುವುದನ್ನು ನೋಡುತ್ತ ಕೂತೆ.

"ಕಳೆದ ವರ್ಷ ಅಧ್ಯಕ್ಷರ ಪರವಾಗಿ ಅರ್ಜಿಗಳನ್ನು ಓದಿದ ಅವರ ಪತಿ..."

ಅಲ್ಲಿ ಬೆರಳು ನಿಂತಿತು. ಮುಂದಿರುವುದು ನನ್ನ ಹೆಸರು. ಗಂಡನ ಹೆಸರು ಹೇಳಬಾರದೆಂದು ತವರಿನಲ್ಲಿ ಕಲಿಸಿ ಕಳಿಸಿದ್ದರು. ಮದುವೆಯಾಗಿ ಮೂವತ್ತೆರಡು ವರ್ಷವಾಯಿತು, ಬ್ಯಾಂಕಿನಲ್ಲಿ ಕೇಳಿದಾಗಲೂ, ಆಸ್ಪತ್ರೆಯಲ್ಲಿ ಕೇಳಿದಾಗಲೂ ಪಕ್ಕದಲ್ಲಿದ್ದವರಿಂದ ಹೇಳಿಸುತ್ತಿದ್ದರೇ ಹೊರತು ಒಮ್ಮೆಯೂ ಅದನ್ನು ಬಾಯಲ್ಲಿ ಆಡಿದವರಲ್ಲ. ಅಷ್ಟನ್ನು ಬಿಟ್ಟು ಮುಂದೆ ಓದು ಎಂದು ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಕಾದೆ.

"ಪ... ರ... ಶು..." ಎಂದು ಒಂದೊಂದಾಗಿ ಕೂಡಿಸಿದರು. ಆಮೇಲೆ ಮೊದಲಿಂದ ತೆಗೆದುಕೊಂಡು ಎಲ್ಲೂ ನಿಲ್ಲದೆ ದೊಡ್ಡದಾಗಿ ಓದಿದರು. "ಅವರ ಪತಿ ಪರಶುರಾಮ ಎಂಬುವರು ತಮ್ಮ ನಾಚಿಕೆಗಾಗಿ ಈ ಅರ್ಜಿಯನ್ನು ಓದದೆ ಬಚ್ಚಿಟ್ಟರು."

ಸರಿ ಐತೆ ಎಂದು ಕೆಳಗೆ ಸಹಿ ಹಾಕಿದರು.